ಗೋಡೆಯ ಡಬ್ಬಿಯಿಂದ ಕ್ಲೌಡ್‌ಗೆ: ಆಫೀಸಿನ ಫೋನ್ ಬದಲಿಸುವ ಮೊದಲು ಮಾಡಬೇಕಾದ ಕೆಲಸ

ಮೇ ತಿಂಗಳ ಒಂದು ಸಂಜೆ ಅಡ್ಡಮಳೆ ಬಂತು. ಒಂದು ಸಿಡಿಲು ಎಲ್ಲೋ ಹತ್ತಿರದಲ್ಲೇ ಬಿತ್ತು. ಮರುದಿನ ಬೆಳಿಗ್ಗೆ ನಮ್ಮ ಆಫೀಸಿನ ಎಂಟು ಫೋನ್‌ಗಳು ಸತ್ತಿದ್ದವು. ಗೋಡೆಗೆ ನೇತುಹಾಕಿದ್ದ ಇಪಿಎಬಿಎಕ್ಸ್, ಅಂದರೆ ಹೊರಗಿನ ಲೈನುಗಳನ್ನು ಒಳಗಿನ ಫೋನ್‌ಗಳಿಗೆ ಹಂಚುವ ಡಬ್ಬಿ, ಬಿಚ್ಚಿ ನೋಡಿದರೆ ಒಂದು ಎಕ್ಸ್‌ಟೆನ್ಷನ್ (ಒಳಗಿನ ಫೋನ್) ಕಾರ್ಡ್ ಸುಟ್ಟು ಕರಕಲಾಗಿತ್ತು. ರಿಪೇರಿಯವರು ಬಂದು, ಮೂಸಿ ನೋಡಿ, "ಈ ಮಾಡೆಲ್ ಕಾರ್ಡ್ ಈಗ ಎಲ್ಲೂ ಸಿಗಂಗಿಲ್ರಿ" ಅಂದರು. ಹಳೆ ಸಾಮಾನಿನವರ ಹತ್ತಿರ ಹುಡುಕಿ ಒಂದು ತಂದು ಹಾಕಿದರು. ಆದರೆ ಇನ್ನೊಂದು ಮಳೆಗಾಲ ಇದರ ಮೇಲೆ ನಂಬಿಕೆ ಇಡೋದು ಬೇಡ ಅಂತ ನಮ್ಮ ಮಾಲಕರಿಗೂ ಅನಿಸಿತು.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಅಡ್ಮಿನ್ ಕೆಲಸ ನೋಡಿಕೊಳ್ಳುವವಳು. ಕಂಪ್ಯೂಟರ್ ಓದಿದವಳಲ್ಲ. ಪ್ರಿಂಟರ್ ಕೆಟ್ಟರೂ ನನ್ನನ್ನೇ ಕರೀತಾರೆ, ಹಾಗಾಗಿ ಫೋನಿನ ಕೆಲಸವೂ ನನ್ನ ತಲೆಗೇ ಬಂತು. ಬೆಂಗಳೂರಿನ ಪೀಣ್ಯದಲ್ಲಿ ನಮ್ಮ ಸೇಲ್ಸ್ ಆಫೀಸ್ ಇದೆ, ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಗೋಡೌನ್. ಮೂರೂ ಕಡೆ ಸೇರಿ ಈಗ ಒಂದೇ ಕ್ಲೌಡ್ ಫೋನ್ ವ್ಯವಸ್ಥೆ. ಅಲ್ಲಿಗೆ ಬರೋಕೆ ನಮಗೆ ಐದು ತಿಂಗಳು ಹಿಡಿಯಿತು. ಎರಡು ತಿಂಗಳಲ್ಲಿ ಆಗುತ್ತಿತ್ತು, ನಾನು ಶುರುವಿನಲ್ಲೇ ತಪ್ಪು ದಾರಿ ಹಿಡಿಯದೇ ಇದ್ದಿದ್ದರೆ.

ಇಂಥ ವ್ಯವಸ್ಥೆಗೆ ಕಂಪನಿಯವರು ಯುನಿಫೈಡ್ ಕಮ್ಯುನಿಕೇಷನ್ಸ್ ಅಂತಾರೆ. ಹಾಗಂದರೆ ಏನು ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ. ಮೇಜಿನ ಫೋನ್, ಮೊಬೈಲ್ ಆಪ್, ಒಳಗಿನ ಚಾಟ್, ವಿಡಿಯೋ ಮೀಟಿಂಗ್, ವಾಯ್ಸ್‌ಮೇಲ್ ಎಲ್ಲವೂ ಒಂದೇ ಖಾತೆಯಲ್ಲಿ. ಗೋಡೆಯ ಮೇಲಿನ ಡಬ್ಬಿ ಮಾಡುತ್ತಿದ್ದ ಕೆಲಸವನ್ನು ಸೇವೆ ಕೊಡುವ ಕಂಪನಿಯ ಡೇಟಾ ಸೆಂಟರ್ ಮಾಡುತ್ತದೆ. ನಮ್ಮ ಎಕ್ಸ್‌ಟೆನ್ಷನ್ 214 ಮೇಜಿನ ಮೇಲೂ ರಿಂಗಾಗುತ್ತದೆ, ಪೀಣ್ಯಕ್ಕೆ ಹೋದರೆ ಲ್ಯಾಪ್‌ಟಾಪಿನಲ್ಲೂ ರಿಂಗಾಗುತ್ತದೆ. ಅಷ್ಟೇ.

ಮೊದಲು ಕಂಪನಿಯವರನ್ನು ಕರೆಯಬೇಡಿ

ನಾನು ಮಾಡಿದ ತಪ್ಪು ಇದೇ. ಸೀದಾ ಮೂರು ಕಂಪನಿಯವರನ್ನು ಕರೆಸಿದೆ. ಮೂವರೂ ಲ್ಯಾಪ್‌ಟಾಪ್ ತೆಗೆದು ಚಂದದ ಸ್ಲೈಡ್ ತೋರಿಸಿದರು. ಮೂವರೂ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಯೂಸರ್ಸ್ ಮೇಡಂ?" ನಾನು "42 ಎಕ್ಸ್‌ಟೆನ್ಷನ್" ಅಂದೆ. ಮೂವರೂ 42 ಲೈಸೆನ್ಸ್‌ಗೆ, ಅಂದರೆ ತಲೆಗೊಂದರಂತೆ ತಿಂಗಳ ಬಾಡಿಗೆಗೆ, ಕೊಟೇಷನ್ ಕಳಿಸಿದರು.

ಅದನ್ನು ನೋಡಿ ನಮ್ಮ ಆಪರೇಟರ್ ಅಕ್ಕ ನಕ್ಕರು. ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವರು ಅವರು. ಡ್ರಾಯರಿನಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. "ಮೊದಲ ಇದನ್ನ ಓದ್ರಿ, ಆಮ್ಯಾಲೆ ಕಂಪನಿಯವರನ್ನ ಕರೀರಿ."

ಆ ನೋಟ್‌ಬುಕ್‌ನಲ್ಲಿ ಎಲ್ಲ ಇತ್ತು. ಯಾರ ಫೋನ್ ಬಂದರೆ ಯಾರಿಗೆ ಕೊಡಬೇಕು. ಅವರು ಸಿಗದಿದ್ದರೆ ಮುಂದೆ ಯಾರಿಗೆ. ಯಾವ ಸಾಹೇಬರು ಮಧ್ಯಾಹ್ನ ಎರಡರಿಂದ ಮೂರರವರೆಗೆ ಫೋನ್ ಎತ್ತುವುದಿಲ್ಲ. ಯಾವ ಜಲಮಂಡಳಿ ಎಂಜಿನಿಯರಿಗೆ ಲೈನಿನಲ್ಲಿ ಕಾಯಿಸಬಾರದು. ಎಕ್ಸ್‌ಟೆನ್ಷನ್ 231 ಯಾರೂ ಕೂರದ ಹಳೆ ಡ್ರಾಯಿಂಗ್ ರೂಮಿನದ್ದು. ಇಂಥ ಸತ್ತ ನಂಬರ್ ಒಂಬತ್ತು ಸಿಕ್ಕವು. ಹಾಗಾಗಿ 42 ಅನ್ನೋ ಲೆಕ್ಕವೇ ಸುಳ್ಳು, ನಿಜಕ್ಕೂ ಇರೋದು 33.

ನಿಮ್ಮ ಆಫೀಸಿನಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ. ಆಪರೇಟರ್ ಇಲ್ಲದಿದ್ದರೆ ರಿಸೆಪ್ಷನ್‌ನವರು, ಇಲ್ಲವೇ ಹಳೆ ಅಕೌಂಟೆಂಟ್. ಅವರ ಪಕ್ಕ ಎರಡು ವಾರ ಕೂತು ಬರೆದುಕೊಳ್ಳಿ. ಯಾವುದೇ ಸಾಫ್ಟ್‌ವೇರ್ ಕೊಡದ ಮಾಹಿತಿ ಅದು.

ಹಳೆ ಡಬ್ಬಿಯಿಂದಲೂ ಕರೆಗಳ ದಾಖಲೆ ತೆಗೆಯಬಹುದು. ರಿಪೇರಿಯವರು ಅದಕ್ಕೆ ಎಸ್‌ಎಂಡಿಆರ್ ಅಂತಾರೆ. ಯಾವ ಎಕ್ಸ್‌ಟೆನ್ಷನ್, ಎಷ್ಟು ಗಂಟೆಗೆ, ಎಷ್ಟು ನಿಮಿಷ, ಎಲ್ಲ ಬರುತ್ತದೆ. ನಾನು ಒಂದು ತಿಂಗಳಿನದ್ದು ತೆಗೆಸಿದೆ. ನಮ್ಮ ಜನಜಂಗುಳಿಯ ಹೊತ್ತು ಬೆಳಿಗ್ಗೆ 11ರಿಂದ 12. ಒಂದೇ ಹೊತ್ತಿಗೆ ಜಾಸ್ತಿ ಅಂದರೆ ಹೊರಗಿನ ನಾಲ್ಕು ಕರೆ. ಓಹೋ, ನಾಲ್ಕು ಸಾಕು ಅಂದುಕೊಂಡೆ.

ಸ್ವಲ್ಪ ತಡೆದು ಯೋಚಿಸಿದಾಗ ಗೊತ್ತಾಯಿತು, ನಮಗೆ ಇದ್ದದ್ದೇ ನಾಲ್ಕು ಲೈನ್! ಐದನೆಯವರಿಗೆ ಬ್ಯುಸಿ ಟೋನ್ ಕೇಳಿರುತ್ತದೆ, ಅವರ ಹೆಸರು ನಮ್ಮ ದಾಖಲೆಯಲ್ಲಿ ಇರುವುದೇ ಇಲ್ಲ. ಲೈನ್ ಸಿಗದೆ ನಮ್ಮ ಸೇಲ್ಸ್ ಹುಡುಗರು ಸ್ವಂತ ಮೊಬೈಲಿನಿಂದ ಮಾಡುವ ಕರೆಯೂ ಇಲ್ಲ. ಅವರ ಮೊಬೈಲಿನ ಕಾಲ್ ಲಾಗ್ ತೋರಿಸಿ ಅಂತ ಕೇಳಿ, ಅದೇ ಒಂದು ಗಂಟೆಯದ್ದನ್ನು ಸೇರಿಸಿದೆ. ಒಂಬತ್ತಕ್ಕೆ ಬಂತು. ಈ ಒಂಬತ್ತು ಅನ್ನೋ ಸಂಖ್ಯೆಯ ಮೇಲೆಯೇ ಮುಂದಿನ ಎಲ್ಲ ಲೆಕ್ಕ ನಿಂತಿತು: ಎಷ್ಟು ಚಾನಲ್ (ಒಂದೇ ಹೊತ್ತಿಗೆ ನಡೆಯುವ ಕರೆಗಳ ದಾರಿ) ಬೇಕು, ಎಷ್ಟು ಇಂಟರ್ನೆಟ್ ಬೇಕು, ಎಲ್ಲ.

ಮನುಷ್ಯರು ಮಾತಾಡದ ಫೋನ್‌ಗಳು

ಪಟ್ಟಿ ಮಾಡುವಾಗ ಮೇಜಿನ ಮೇಲಿರುವುದನ್ನು ಮಾತ್ರ ಎಣಿಸಬೇಡಿ. ಗೋಡೆಯ ಮೇಲೆ, ಗೇಟಿನಲ್ಲಿ, ಪ್ಯಾನಲ್ ಒಳಗೆ ಇರುವುದನ್ನೂ ನೋಡಿ. ನಮ್ಮಲ್ಲಿ ಸೆಕ್ಯೂರಿಟಿ ಗೇಟು, ಲಾರಿ ತೂಗುವ ವೇಬ್ರಿಡ್ಜ್, ಕ್ಯಾಂಟೀನ್‌ನ ಗೋಡೆ ಫೋನ್ ಸಿಕ್ಕವು. ಇನ್ನೂ ಒಂದು ಫ್ಯಾಕ್ಸ್ ಇತ್ತು. ನಗಬೇಡಿ, ಟೆಂಡರ್ ಕೆಲಸದಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ಇದೆಲ್ಲ ಹಳೆ ಕಾಲದ ಅನಲಾಗ್ ಸಾಮಾನು. ಇವನ್ನು ಹೊಸ ವ್ಯವಸ್ಥೆಗೆ ಸೇರಿಸೋಕೆ ಎಟಿಎ ಅನ್ನೋ ಸಣ್ಣ ಅಡಾಪ್ಟರ್ ಹಾಕಬೇಕು.

ಗೇಟಿನ ಕಥೆ ಸ್ವಲ್ಪ ಹೇಳಬೇಕು. ನಮ್ಮ ಗೇಟು ಆಫೀಸಿನಿಂದ ಸುಮಾರು 180 ಮೀಟರ್ ದೂರ. ಹೊಸ ಐಪಿ ಫೋನ್ (ನೆಟ್‌ವರ್ಕ್ ಕೇಬಲ್ ಮೇಲೆ ನಡೆಯುವ ಫೋನ್) ಅಲ್ಲಿಡೋಣ ಅಂದರೆ ನೆಟ್‌ವರ್ಕ್ ತಾಮ್ರದ ಕೇಬಲ್ 100 ಮೀಟರ್‌ಗಿಂತ ಆಚೆ ಎಳೆಯುವಂತಿಲ್ಲ. ಅದಕ್ಕೆ ಫೈಬರ್ ಎಳೀಬೇಕು, ಗೇಟಿನಲ್ಲಿ ಇನ್ನೊಂದು ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳನ್ನು ಕೂಡಿಸುವ ಡಬ್ಬಿ) ಇಡಬೇಕು, ಅದಕ್ಕೆ ಕರೆಂಟ್ ಬೇಕು. ಒಬ್ಬ ಕಂಪನಿಯವರು ಅಷ್ಟೆಲ್ಲ ಸೇರಿಸಿ ಕೊಟೇಷನ್ ಕೊಟ್ಟಿದ್ದರು. ಹಳೆಯ ಎರಡೆಳೆ ಟೆಲಿಫೋನ್ ವೈರ್‌ಗೆ ಈ ದೂರ ಲೆಕ್ಕವೇ ಅಲ್ಲ. ಹಾಗಾಗಿ ಅಡಾಪ್ಟರನ್ನು ಆಫೀಸಿನೊಳಗೇ ಇಟ್ಟು, ಅಲ್ಲಿಂದ ಹಳೆ ವೈರ್‌ಗೇ ಸೇರಿಸಿದೆವು. ಗೇಟಿನ ಕಾಕಾಗೆ ಏನೋ ಬದಲಾಗಿದೆ ಅಂತ ಇವತ್ತಿಗೂ ಗೊತ್ತಿಲ್ಲ.

ಬೆಂಕಿ ಅಲಾರಂ ಪ್ಯಾನಲ್‌ಗೆ ಹೋಗುವ ಲೈನನ್ನು ಮಾತ್ರ ಮುಟ್ಟಲಿಲ್ಲ. ಅದು ಬೇರೆಯದೇ ಲ್ಯಾಂಡ್‌ಲೈನ್. ಲಿಫ್ಟಿನೊಳಗಿನ ಫೋನ್ ಇದ್ದರೂ ಇದೇ ಮಾತು. ಇಂಥವನ್ನು ಕೊನೆಯವರೆಗೂ ಪ್ರತ್ಯೇಕವಾಗಿಡಿ.

ನಂಬರ್ ನಿಮ್ಮ ಜೊತೆ ಬರುವುದಿಲ್ಲ

ಯೋಜನೆಯ ಅತಿ ದೊಡ್ಡ ಗಂಟು ಇದು. ಯಾವ ಸ್ಲೈಡಿನಲ್ಲೂ ಇದರ ಸುದ್ದಿ ಇರಲಿಲ್ಲ.

ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯೋದು 2011ರಿಂದ ದೇಶದೆಲ್ಲೆಡೆ ಸಾಧ್ಯ. ಲ್ಯಾಂಡ್‌ಲೈನಿಗೆ ಆ ಸೌಲಭ್ಯ ನಮ್ಮ ದೇಶದಲ್ಲಿ ಇಲ್ಲ. ಹೊರದೇಶದ ವಿಡಿಯೋ ನೋಡಿ "ನಂಬರ್ ಪೋರ್ಟ್ ಮಾಡಿಸಿದರಾಯಿತು" ಅಂದುಕೊಂಡರೆ ಕೆಟ್ಟಿರಿ. ಕಂಪನಿ ಬದಲಿಸಿದರೆ 0836ರ ಹಿಂದೆ ಬರುವ ಅಂಕಿಗಳೂ ಬದಲು.

ನಮಗೆ ಇದು ಸಣ್ಣ ಮಾತಾಗಿರಲಿಲ್ಲ. ನಮ್ಮ ವಾಲ್ವ್ ಮೇಲಿನ ಹಿತ್ತಾಳೆ ನೇಮ್‌ಪ್ಲೇಟಿನಲ್ಲಿ ಆ ನಂಬರ್ ಕೊರೆದಿದೆ. ಬಾಗಲಕೋಟೆಯ ಯಾವುದೋ ಹಳ್ಳಿಯ ನೀರಿನ ಟ್ಯಾಂಕಿನ ಬುಡದಲ್ಲಿ, ಗದಗ ಕಡೆಯ ಯಾವುದೋ ಪಂಪ್‌ಹೌಸ್‌ನಲ್ಲಿ ಆ ಪ್ಲೇಟು ಇದೆ. ಅದನ್ನು ಯಾರು ಹೋಗಿ ಬದಲಿಸುತ್ತಾರೆ?

ದಾರಿ ಮೂರು ಇವೆ. ಮೊದಲನೆಯದು, ಈಗ ಲೈನ್ ಕೊಟ್ಟಿರುವ ಕಂಪನಿಯನ್ನೇ ಕೇಳಿ: ಇದೇ ನಂಬರನ್ನು ಫೈಬರ್ ಮೇಲೆ ಎಸ್‌ಐಪಿ ಟ್ರಂಕ್ (ಕ್ಲೌಡ್ ಫೋನಿಗೆ ಸೇರಿಸಬಹುದಾದ ಲೈನ್) ಮಾಡಿ ಕೊಡ್ತೀರಾ? ಕೊಟ್ಟರೆ ಅದೃಷ್ಟ, ಅರ್ಧ ಸಮಸ್ಯೆ ಮುಗಿಯಿತು. ಎರಡನೆಯದು, ಹಳೆ ನಂಬರನ್ನು ಉಳಿಸಿಕೊಂಡು ಅದಕ್ಕೆ ಬಂದ ಕರೆಯನ್ನು ಹೊಸ ನಂಬರಿಗೆ ಫಾರ್ವರ್ಡ್ ಮಾಡೋದು. ಹಳೆ ಲೈನಿನ ಬಾಡಿಗೆ ಕಟ್ಟುತ್ತಲೇ ಇರಬೇಕು, ಫಾರ್ವರ್ಡ್ ಆದ ಕರೆಯ ಖರ್ಚು ನಿಮ್ಮ ಪ್ಲಾನಿನಲ್ಲಿ ಹೇಗೆ ಅಂತಲೂ ಕೇಳಿಕೊಳ್ಳಬೇಕು. ಮೂರನೆಯದು, ಹೊಸ ನಂಬರ್ ಎಲ್ಲರಿಗೂ ಹೇಳಿ ಹಳೆಯದನ್ನು ಬಿಟ್ಟುಬಿಡೋದು. ನಾವು ಎರಡನೆಯದನ್ನು ಹಿಡಿದೆವು. ನಾಲ್ಕು ಲೈನಿನಲ್ಲಿ ನೇಮ್‌ಪ್ಲೇಟಿನ ನಂಬರ್ ಮತ್ತು ಅದರ ಮುಂದಿನದನ್ನು ಒಂದು ವರ್ಷಕ್ಕೆ ಇಟ್ಟುಕೊಂಡೆವು. ಇನ್ನೆರಡನ್ನು ಬಿಟ್ಟೆವು.

ಹಳೆ ನಂಬರ್ ಎಲ್ಲೆಲ್ಲಿ ಅಂಟಿಕೊಂಡಿದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಲೆಟರ್‌ಹೆಡ್, ಇನ್‌ವಾಯ್ಸ್, ಬೋರ್ಡು, ಗೂಗಲ್ ಮ್ಯಾಪಿನ ಪುಟ, ಸರ್ಕಾರಿ ಇಲಾಖೆಗಳ ವೆಂಡರ್ ಪಟ್ಟಿ, ಬ್ಯಾಂಕ್. ವಾಟ್ಸಾಪ್ ಬಿಸಿನೆಸ್ ಅನ್ನು ಲ್ಯಾಂಡ್‌ಲೈನ್ ನಂಬರಿನಲ್ಲಿ ಮಾಡಿಕೊಂಡಿದ್ದರೆ ಅದನ್ನು ಮರೆಯಬೇಡಿ. ಅದರ ಕೋಡ್ ಆ ನಂಬರಿಗೇ ಕರೆ ಮಾಡಿ ಹೇಳುತ್ತದೆ. ನಂಬರ್ ಹೋದಮೇಲೆ ಮತ್ತೆ ಲಾಗಿನ್ ಮಾಡಬೇಕಾಗಿ ಬಂದರೆ ಕೋಡ್ ಕೇಳಿಸಿಕೊಳ್ಳೋರು ಯಾರು?

ಕಾನೂನಿನ ಮಾತು, ಚಿಕ್ಕದಾಗಿ

ಒಬ್ಬ ಮಾರಾಟಗಾರ ಬಂದು, "ಮೇಡಂ, ಬೆಳಗಾವಿಯಿಂದ, ಬೆಂಗಳೂರಿಂದ ಕರೆಗಳನ್ನ ಇಂಟರ್ನೆಟ್ ಮೇಲೆ ಹುಬ್ಬಳ್ಳಿಗೆ ತರೋಣ, ಇಲ್ಲಿ ಒಂದು ಡಬ್ಬಿಯಲ್ಲಿ ಸಿಮ್ ಹಾಕಿ ಹೊರಗೆ ಬಿಡೋಣ, ಖರ್ಚೇ ಇಲ್ಲ" ಅಂದ. ಕೇಳೋಕೆ ಚಂದ. ಮಾಡಬೇಡಿ. ಟೆಲಿಕಾಂ ಕಂಪನಿಯ ದಾರಿ ತಪ್ಪಿಸಿ ಇಂಟರ್ನೆಟ್ ಕರೆಯನ್ನು ಸಾರ್ವಜನಿಕ ಫೋನ್ ಜಾಲಕ್ಕೆ ನುಗ್ಗಿಸುವುದಕ್ಕೆ ಟೋಲ್ ಬೈಪಾಸ್ ಅಂತಾರೆ. ನಮ್ಮ ದೇಶದಲ್ಲಿ ಅದಕ್ಕೆ ಅನುಮತಿ ಇಲ್ಲ. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಲೊಕೇಷನ್ ಬೇಸ್ಡ್ ರೂಟಿಂಗ್ (ನೀವು ಕೂತ ಜಾಗ ನೋಡಿ ಕರೆಗೆ ದಾರಿ ಕೊಡುವುದು) ಅನ್ನೋ ಸೆಟ್ಟಿಂಗ್ ಇರೋದೇ ಇಂಥ ನಿಯಮ ಪಾಲಿಸೋಕೆ.

ಹಾಗಾಗಿ ಕಂಪನಿಯವರಿಗೆ ನೇರವಾಗಿ ಕೇಳಿ: ಭಾರತದ ಫೋನ್ ನಂಬರ್ ಯಾವ ಲೈಸೆನ್ಸ್ ಇರುವ ಟೆಲಿಕಾಂ ಕಂಪನಿಯಿಂದ ಬರುತ್ತದೆ? ಕರಾರು ಪತ್ರದಲ್ಲಿ ಆ ಹೆಸರು ಇದೆಯಾ? ಪೀಣ್ಯದವರು 0836 ನಂಬರಿನಿಂದ ಕರೆ ಮಾಡಬಹುದಾ, ಇಲ್ಲವಾ? ಉತ್ತರವನ್ನು ಮೇಲ್‌ನಲ್ಲಿ ಬರೆದು ಕಳಿಸಿ ಅನ್ನಿ. ಬಾಯಲ್ಲಿ "ಎಲ್ಲ ಆಗುತ್ತೆ" ಅಂದವರಲ್ಲಿ ಒಬ್ಬರು ಬರೆದು ಕೊಡಿ ಅಂದಮೇಲೆ ಮತ್ತೆ ಫೋನೇ ಮಾಡಲಿಲ್ಲ.

ಎರಡು ಸಣ್ಣ ವಿಷಯ. ಕರೆ ರೆಕಾರ್ಡ್ ಮಾಡುವುದಾದರೆ ಶುರುವಿನಲ್ಲೇ ಹೇಳಿ, ಎಷ್ಟು ದಿನ ಇಡುತ್ತೀರಿ ಅಂತ ತೀರ್ಮಾನಿಸಿ. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾಯ್ದೆ ಬಂದಮೇಲೆ ಅದೆಲ್ಲ ಸುಮ್ನೆ ಗುಡ್ಡೆ ಹಾಕಿಡುವ ವಸ್ತುವಲ್ಲ. ಇನ್ನೊಂದು, ತುರ್ತು ಇದ್ದಾಗ 112ಕ್ಕೆ ಸ್ವಂತ ಮೊಬೈಲಿನಿಂದಲೇ ಮಾಡಿ ಅಂತ ಎಲ್ಲರಿಗೂ ಹೇಳಿ. ಆಪ್‌ನಿಂದ ಮಾಡಿದರೆ ನೀವು ಪೀಣ್ಯದಲ್ಲಿ ಕೂತಿದ್ದರೂ ನಂಬರ್ ಹುಬ್ಬಳ್ಳಿಯ ವಿಳಾಸವನ್ನೇ ಹೇಳಬಹುದು.

ಇಂಟರ್ನೆಟ್: ವೇಗ ಅಲ್ಲ, ನಡಿಗೆ

"200 ಎಂಬಿಪಿಎಸ್ ಇದೆಯಲ್ಲ, ಮತ್ತೇನು?" ಅಂತ ನಮ್ಮ ಮಾಲಕರು ಕೇಳಿದರು. ಅವರ ಪ್ರಶ್ನೆಯೇ ನನ್ನದೂ ಆಗಿತ್ತು. ಲೆಕ್ಕ ಮಾಡಿದರೆ ಧ್ವನಿಗೆ ಬೇಕಾದ ಬ್ಯಾಂಡ್‌ವಿಡ್ತ್ ತೀರಾ ಕಡಿಮೆ. ಧ್ವನಿಯನ್ನು ಅಂಕಿಗಳಾಗಿಸುವ ವಿಧಾನಕ್ಕೆ ಕೋಡೆಕ್ ಅಂತಾರೆ. ಸಾಮಾನ್ಯವಾಗಿ ಬಳಸುವ ಜಿ.711 ಅನ್ನೋ ಕೋಡೆಕ್‌ನಲ್ಲಿ ಧ್ವನಿಗೆ 64 ಕೆಬಿಪಿಎಸ್, ಆ ಧ್ವನಿಯನ್ನು ತುಂಡು ಮಾಡಿ ಕಳಿಸುವ ಪ್ಯಾಕೆಟ್ಟಿನ ಹೊದಿಕೆಗಳೆಲ್ಲ ಸೇರಿ ಸುಮಾರು 87. ಸುಲಭಕ್ಕೆ ಒಂದು ಕರೆಗೆ 100 ಅಂತ ಹಿಡಿಯಿರಿ. ನಮ್ಮ ಒಂಬತ್ತು ಕರೆಗೆ 900 ಕೆಬಿಪಿಎಸ್. ಹೋಗುವ ಕಡೆ ಅಷ್ಟು, ಬರುವ ಕಡೆ ಅಷ್ಟು. ಎರಡು ಎಂಬಿಪಿಎಸ್ ಪಕ್ಕಕ್ಕಿಟ್ಟರೆ ಕೈತುಂಬಾ ಆಯಿತು. ವಿಡಿಯೋ ಮೀಟಿಂಗ್ ಬೇರೆ ಲೆಕ್ಕ. ಅದು ಒಬ್ಬೊಬ್ಬರಿಗೆ ಕೆಲವು ಎಂಬಿಪಿಎಸ್ ತಿನ್ನುತ್ತದೆ.

ಧ್ವನಿಯನ್ನು ಕೆಡಿಸೋದು ಬೇರೆ ಮೂರು. ಒಂದು ತಡ. ಮಾತು ಆ ಕಡೆ ತಲುಪೋಕೆ 150 ಮಿಲಿಸೆಕೆಂಡ್ ಒಳಗಿರಬೇಕು ಅನ್ನೋದು ಅಂತರರಾಷ್ಟ್ರೀಯ ಟೆಲಿಕಾಂ ಒಕ್ಕೂಟದ ಸಲಹೆ. ಇದನ್ನು ಅಳೆಯುವ ಪಿಂಗ್ ಅನ್ನೋ ಪರೀಕ್ಷೆ ತೋರಿಸೋದು ಹೋಗಿ ಬರುವ ಹೊತ್ತು, ನೆನಪಿಡಿ. ಎರಡು, ಜಿಟರ್. ಪ್ಯಾಕೆಟ್ಟುಗಳು ಒಂದೇ ಹೆಜ್ಜೆಯಲ್ಲಿ ಬರದೆ ಒಮ್ಮೆ ಓಡಿ, ಒಮ್ಮೆ ಎಡವಿ ಬರುವುದು. 30 ಮಿಲಿಸೆಕೆಂಡ್ ಒಳಗಿದ್ದರೆ ಚೆನ್ನ. ಮೂರು, ದಾರಿಯಲ್ಲೇ ಕಳೆದುಹೋಗುವ ಪ್ಯಾಕೆಟ್ಟುಗಳು. ನೂರಕ್ಕೆ ಒಂದಕ್ಕಿಂತ ಜಾಸ್ತಿ ಹೋದರೆ ಮಾತು ತುಂಡು ತುಂಡು.

ಇದನ್ನು ಅಳೆಯಬೇಕಾದ್ದು ಬೆಳಿಗ್ಗೆ 11ಕ್ಕೆ, ರಾತ್ರಿ ಎಂಟಕ್ಕೆ ಅಲ್ಲ. ನಾನು ಒಂದು ವಾರ ಅಳೆದೆ. ದಿನಾ 11:30ಕ್ಕೆ ಸರಿಯಾಗಿ ಹದಿನೈದು ನಿಮಿಷ ಎಲ್ಲ ಹಾಳು! ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ನೋಡಿದರೆ ಸಿಸಿಟಿವಿಯ ರೆಕಾರ್ಡಿಂಗ್ ಆ ಹೊತ್ತಿಗೆ ಆನ್‌ಲೈನ್‌ಗೆ ಏರುತ್ತಿತ್ತು. ಯಾರೋ ಎಂದೋ ಹಾಗೆ ಸಮಯ ಇಟ್ಟಿದ್ದರು. ಅದನ್ನು ರಾತ್ರಿ ಎರಡಕ್ಕೆ ಬದಲಿಸಿದೆವು. ಖರ್ಚು ಸೊನ್ನೆ.

ನೆಟ್‌ವರ್ಕ್ ಹುಡುಗನಿಗೆ ಹೇಳಿ ಮಾಡಿಸಬೇಕಾದ್ದು: ಫೋನ್‌ಗಳಿಗೆ ಬೇರೆ ವಿಎಲ್ಎಎನ್, ಅಂದರೆ ಅದೇ ನೆಟ್‌ವರ್ಕ್‌ನಲ್ಲಿ ಪ್ರತ್ಯೇಕ ಓಣಿ. ಧ್ವನಿಯ ಪ್ಯಾಕೆಟ್ಟುಗಳಿಗೆ ಮೊದಲ ಆದ್ಯತೆ, ಅದಕ್ಕೆ ಡಿಎಸ್‌ಸಿಪಿ 46 ಅಂತ ಗುರುತು. ರೂಟರಿನಲ್ಲಿ ಇಂಟರ್ನೆಟ್ ಕರೆಗಳ ವಿಳಾಸವನ್ನು ತಿದ್ದುವ ಎಸ್‌ಐಪಿ ಎಎಲ್‌ಜಿ ಅನ್ನೋದು ಆನ್ ಇದ್ದರೆ ಆಫ್. ಸಹಾಯ ಮಾಡಲು ಹುಟ್ಟಿದ ಆ ಸೌಲಭ್ಯ ಮಾಡೋದೆಲ್ಲ ಉಪದ್ರವವೇ. ಒಂದು ಕಡೆಯ ಮಾತು ಮಾತ್ರ ಕೇಳಿಸುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಅದು.

ಎರಡು ಕಂಪನಿಯ ಇಂಟರ್ನೆಟ್ ತೆಗೆದುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನಾವೂ ತೆಗೆದುಕೊಂಡೆವು. ಮೂರನೇ ವಾರ ಎತ್ತರಕ್ಕೆ ಲೋಡ್ ಹೇರಿದ ಒಂದು ಲಾರಿ ಗೇಟಿನ ಮುಂದೆ ತಿರುಗುವಾಗ ಕೇಬಲ್ ಎಳೆದುಕೊಂಡು ಹೋಯಿತು. ಎರಡೂ ಇಂಟರ್ನೆಟ್ ಒಟ್ಟಿಗೆ ಬಂದ್. ಕಂಪನಿ ಎರಡು, ಕಂಬ ಒಂದೇ! ಹಾಗಾಗಿ ಬಿಲ್ ನೋಡಬೇಡಿ, ಹೊರಗೆ ಹೋಗಿ ತಲೆಯೆತ್ತಿ ಕೇಬಲ್ ಎಲ್ಲಿಂದ ಬರುತ್ತಿದೆ ಅಂತ ನೋಡಿ. ಈಗ ನಮ್ಮದು ಒಂದು ಮುಂದಿನಿಂದ ಕಂಬದ ಮೇಲೆ, ಇನ್ನೊಂದು ಹಿಂದಿನ ಗಲ್ಲಿಯಿಂದ ನೆಲದಡಿ.

ಕರೆಂಟ್ ಹೋದಾಗ

ಹಳೆ ಲ್ಯಾಂಡ್‌ಲೈನಿನ ಒಂದು ದೊಡ್ಡ ಗುಣ ನಾವು ಮರೆತೇ ಬಿಟ್ಟಿರುತ್ತೇವೆ. ತಾಮ್ರದ ವೈರಿನಲ್ಲೇ ಎಕ್ಸ್‌ಚೇಂಜಿನಿಂದ ಅದಕ್ಕೆ ಕರೆಂಟ್ ಬರುತ್ತಿತ್ತು. ಊರಿಗೆಲ್ಲ ಕತ್ತಲಾದರೂ ಫೋನ್ ನಡೆಯುತ್ತಿತ್ತು. ಐಪಿ ಫೋನಿಗೆ ಆ ಭಾಗ್ಯ ಇಲ್ಲ. ಫೋನಿಗೆ, ಸ್ವಿಚ್ಚಿಗೆ, ರೂಟರಿಗೆ, ಫೈಬರ್ ಡಬ್ಬಿಗೆ, ಎಲ್ಲಕ್ಕೂ ಕರೆಂಟ್ ಬೇಕು. ಇದರಲ್ಲಿ ಒಂದು ಆರಿದರೂ ಫೋನ್ ಇಲ್ಲ.

ಪಿಒಇ ಇರುವ ಸ್ವಿಚ್ ಕೊಂಡರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಫೋನಿಗೆ ಕರೆಂಟ್ ಹೋಗುತ್ತದೆ. ಆಗ ಒಂದೇ ಯುಪಿಎಸ್ ಸಾಕು. ನಮ್ಮ 17 ಐಪಿ ಫೋನಿಗೆ ತಲಾ ಐದು ವ್ಯಾಟ್ ಅಂದರೆ 85. ಉಳಿದ ಡಬ್ಬಿಗಳೆಲ್ಲ ಸೇರಿ 150 ವ್ಯಾಟ್ ಆಸುಪಾಸು. ಜನರೇಟರ್ ಇದ್ದರೂ ಅದು ಶುರುವಾಗುವ ಆ ಅರ್ಧ ನಿಮಿಷಕ್ಕೆ ಯುಪಿಎಸ್ ಬೇಕೇ ಬೇಕು. ಇಲ್ಲದಿದ್ದರೆ ರೂಟರ್ ಆರಿ, ಮತ್ತೆ ಎದ್ದು, ಫೋನ್‌ಗಳೆಲ್ಲ ಮತ್ತೆ ಹೆಸರು ನೋಂದಾಯಿಸಿಕೊಳ್ಳುವಷ್ಟರಲ್ಲಿ ಗ್ರಾಹಕರು ಬೇರೆಯವರಿಗೆ ಫೋನ್ ಹಚ್ಚಿರುತ್ತಾರೆ.

ಪರೀಕ್ಷೆ ಮಾಡುವ ವಿಧಾನ ಸರಳ. ಒಂದು ದಿನ ಯಾರಿಗೂ ಹೇಳದೆ ಮೇನ್ ಸ್ವಿಚ್ ಇಳಿಸಿ, ಪೀಣ್ಯಕ್ಕೆ ಫೋನ್ ಮಾಡಿ ನೋಡಿ. ನಮ್ಮಲ್ಲಿ ಎಲ್ಲ ನಡೆಯಿತು, ಫೈಬರ್ ಡಬ್ಬಿ ಒಂದನ್ನು ಬಿಟ್ಟು. ಅದನ್ನು ಯಾರೋ ನೀರಿನ ಕೂಲರಿನ ಪ್ಲಗ್ಗಿಗೆ ಹಾಕಿದ್ದರು.

ದುಡ್ಡು

ಕ್ಲೌಡ್ ಅಂದರೆ ಅಗ್ಗ ಅನ್ನೋದನ್ನು ನಂಬಬೇಡಿ. ನಮ್ಮ ತಿಂಗಳ ಫೋನ್ ಖರ್ಚು ಮೊದಲಿಗಿಂತ ಜಾಸ್ತಿಯೇ ಆಗಿದೆ. ಹಳೆ ಡಬ್ಬಿಗೆ ಕೊಟ್ಟ ದುಡ್ಡು ಎಂದೋ ಮುಗಿದಿತ್ತು, ಇಲ್ಲಿ ಪ್ರತಿ ತಿಂಗಳೂ ತಲೆಗಿಷ್ಟು ಅಂತ ಕಟ್ಟಬೇಕು. ಅದಕ್ಕೆ 18% ಜಿಎಸ್‌ಟಿ. ಕರೆ ದರ ಬೇರೆ. ಫೋನ್, ಹೆಡ್‌ಸೆಟ್, ಸ್ವಿಚ್ ಬೇರೆ. ಎರಡನೇ ಇಂಟರ್ನೆಟ್ ಬೇರೆ. ಐದು ವರ್ಷಕ್ಕೆ ಎಲ್ಲ ಕೂಡಿಸಿ ಮಾಲಕರ ಮುಂದಿಡಿ. ಒಂದು ತಿಂಗಳ ಬೆಲೆ ಮಾತ್ರ ತೋರಿಸಿದರೆ ಆಮೇಲೆ ಬೈಗುಳ ತಿನ್ನೋರು ನೀವೇ.

ಉಳಿಸಬಹುದಾದ್ದು ಲೈಸೆನ್ಸ್‌ನಲ್ಲಿ. ನಮ್ಮ 33ರಲ್ಲಿ ಚಾಟ್, ಮೀಟಿಂಗ್, ಮೊಬೈಲ್ ಆಪ್ ಎಲ್ಲ ಬೇಕಾದವರು 18 ಜನ ಮಾತ್ರ. 11 ಫೋನ್‌ಗಳು ಸ್ಟೋರ್ಸ್, ಟೆಸ್ಟ್ ಬೆಡ್, ಅಸೆಂಬ್ಲಿಯಂಥ ಜಾಗದಲ್ಲಿ ಯಾರು ಬೇಕಾದರೂ ಎತ್ತುವಂಥವು. ಇಂಥ ಕಾಮನ್ ಏರಿಯಾ ಫೋನಿಗೆ ಕಡಿಮೆ ಬೆಲೆಯ ಲೈಸೆನ್ಸ್ ಸಿಗುತ್ತದೆ. ನೀವು ಕೇಳದೆ ಅವರಾಗಿ ಹೇಳುವುದಿಲ್ಲ. ಉಳಿದ ನಾಲ್ಕು ಆ ಅನಲಾಗ್ ಸಾಮಾನು.

ಕರಾರಿಗೆ ಸಹಿ ಹಾಕುವ ಮೊದಲು ಬಿಟ್ಟುಹೋಗುವ ದಾರಿಯನ್ನೂ ಕೇಳಿ. ಹೊಸ ನಂಬರ್ ಯಾರ ಹೆಸರಿನಲ್ಲಿ ಇರುತ್ತದೆ, ನಮ್ಮದಾ, ನಡುವಿನ ಏಜೆಂಟನದ್ದಾ? ರೆಕಾರ್ಡಿಂಗ್‌ಗಳನ್ನು ಹೊರಗೆ ತೆಗೆದುಕೊಳ್ಳಬಹುದಾ? ವರ್ಷದ ನಡುವೆ ಲೈಸೆನ್ಸ್ ಕಡಿಮೆ ಮಾಡಬಹುದಾ? ಮೂರನೆಯದಕ್ಕೆ ನಮಗೆ "ಇಲ್ಲ" ಅಂತ ಉತ್ತರ ಬಂತು. ಅದಕ್ಕೇ ಶುರುವಿನಲ್ಲಿ ಎರಡು ಕಡಿಮೆಯೇ ಕೊಂಡೆವು.

ಬದಲಿಸುವ ದಿನ

ತಿಂಗಳ ಕೊನೆಯ ವಾರ ಬೇಡ. ಡಿಸ್ಪ್ಯಾಚ್ ಮತ್ತು ಬಿಲ್ಲಿಂಗ್ ಗದ್ದಲದಲ್ಲಿ ಫೋನ್ ತಪ್ಪಿದರೆ ಕೊಲೆಯಾಗುತ್ತದೆ. ದಸರಾ ಹತ್ತಿರವೂ ಬೇಡ. ನಾನು ಆರಿಸಿದ ದಿನ ನೋಡಿ ಮಾಲಕರು, "ಅಮಾಸಿ ದಿನ ಬ್ಯಾಡ್ರಿ" ಅಂದರು. ಸರಿ, ಮುಂದಿನ ವಾರದ ರಜೆಗೆ ಹಾಕಿದೆವು. ಇಂಥದ್ದಕ್ಕೆ ವಾದ ಮಾಡಿ ಪ್ರಯೋಜನ ಇಲ್ಲ. ಮಾಲಕರ ಮನಸ್ಸು ನೆಮ್ಮದಿಯಾಗಿದ್ದರೆ ಮೊದಲ ವಾರದ ತೊಂದರೆಗಳನ್ನು ಸಹಿಸಿಕೊಳ್ಳುತ್ತಾರೆ.

ಎಲ್ಲರನ್ನೂ ಒಂದೇ ದಿನ ಹಾಯಿಸಬೇಡಿ. ನಾವು ಮೊದಲು ಪರ್ಚೇಸ್ ವಿಭಾಗದ ನಾಲ್ವರನ್ನು ತೆಗೆದುಕೊಂಡೆವು. ಅವರು ಫೋನ್ ಮಾಡೋರು, ಅವರಿಗೆ ಬರುವ ಕರೆ ಕಡಿಮೆ. ಏನಾದರೂ ಕೆಟ್ಟರೆ ಆರ್ಡರ್ ತಪ್ಪುವುದಿಲ್ಲ, ಸಪ್ಲೈಯರ್ ಹೇಗೂ ಮತ್ತೆ ಮಾಡುತ್ತಾನೆ. ಅವರು ಹತ್ತು ದಿನ ಬಳಸಿ ಬೈದದ್ದನ್ನೆಲ್ಲ ಬರೆದುಕೊಂಡೆ. ಆಮೇಲೆ ಅಕೌಂಟ್ಸ್, ಪೀಣ್ಯ, ಬೆಳಗಾವಿ. ಕೊನೆಗೆ ಸೇಲ್ಸ್ ಮತ್ತು ಆಪರೇಟರ್. ಹಳೆ ಡಬ್ಬಿಯನ್ನು ಮೂರು ವಾರ ಆರಿಸಲಿಲ್ಲ.

ಒಂದು ಸಣ್ಣ ಎಡವಟ್ಟು. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಹಾಕಬೇಕು ಅನ್ನೋ ನಿಯಮ 2021ರ ಜನವರಿ 15ರಿಂದ ಇದೆ. ನಮ್ಮ ಹಳೆ ಡಬ್ಬಿ ಅದನ್ನು ತಾನೇ ಸೇರಿಸಿಕೊಳ್ಳುತ್ತಿತ್ತು. ಹೊಸದರಲ್ಲಿ ಆ ಸೆಟ್ಟಿಂಗ್ ಹಾಕಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಆ ನಾಲ್ವರ ಮೇಜಿನಿಂದಲೂ ಒಂದೇ ಕೂಗು: "ಏನ್ರೀ, ಮೊಬೈಲಿಗೆ ಫೋನ್ ಹತ್ತವಲ್ದು!" ಡಯಲ್ ಪ್ಲಾನ್ (ಒತ್ತಿದ ನಂಬರನ್ನು ವ್ಯವಸ್ಥೆ ಹೇಗೆ ಓದಬೇಕು ಅನ್ನೋ ಸೆಟ್ಟಿಂಗ್) ಅಂತ ಕೇಳಿ, ಹತ್ತು ಅಂಕಿ, ಹನ್ನೊಂದು ಅಂಕಿ, ಎಸ್‌ಟಿಡಿ ಕೋಡ್ ಸೇರಿಸಿ, ಸೇರಿಸದೆ, ಎಲ್ಲ ರೀತಿಯಲ್ಲೂ ಮೊದಲೇ ಒತ್ತಿ ನೋಡಿ.

ಇನ್ನು ಸ್ವಾಗತದ ದನಿ. ಕಂಪನಿಯವರು ಮಾಡಿಕೊಟ್ಟದ್ದು ಮೂರು ಭಾಷೆಯಲ್ಲಿ, "ಸೇಲ್ಸ್‌ಗಾಗಿ ಒಂದು ಒತ್ತಿ, ಸರ್ವಿಸ್‌ಗಾಗಿ ಎರಡು ಒತ್ತಿ" ಅಂತ ಒಂದು ನಿಮಿಷ ಓಡುತ್ತಿತ್ತು. ಮೊದಲ ಎರಡು ದಿನದಲ್ಲೇ ದಾಖಲೆ ನೋಡಿದೆ. ಅರ್ಧಕ್ಕರ್ಧ ಜನ ಮೆನು ಮುಗಿಯುವ ಮೊದಲೇ ಇಟ್ಟುಬಿಟ್ಟಿದ್ದರು. ನಮಗೆ ಫೋನ್ ಮಾಡೋರು ಯಾರು? ಪುರಸಭೆಯ ವಾಲ್ವ್‌ಮನ್, ಬಿಸಿಲಲ್ಲಿ ನಿಂತ ಪಂಪ್ ಆಪರೇಟರ್. ಅವರಿಗೆ ಮನುಷ್ಯರ ದನಿ ಬೇಕು. ಹಾಗಾಗಿ ತಿರುಗಿಸಿ ಹಾಕಿಸಿದೆ: ಮೊದಲು 15 ಸೆಕೆಂಡ್ ನಮ್ಮ ಅಕ್ಕನ ಮೇಜಿನಲ್ಲಿ ರಿಂಗ್. ಅವರು ಎತ್ತದಿದ್ದರೆ ಮಾತ್ರ ಮೆನು, ಅದೂ ಕನ್ನಡದಲ್ಲಿ ಮೊದಲು, ಮೂರೇ ಆಯ್ಕೆ. ದನಿ ಅಕ್ಕನದ್ದೇ. ಮೀಟಿಂಗ್ ರೂಮಿನ ಬಾಗಿಲು ಹಾಕಿ, ಫ್ಯಾನ್ ಆರಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆವು.

ತರಬೇತಿ ಅಂತ ಎಲ್ಲರನ್ನೂ ಒಂದು ಹಾಲ್‌ನಲ್ಲಿ ಕೂರಿಸಿ ಎರಡು ಗಂಟೆ ಕೊರೆದರೆ ಯಾರಿಗೂ ಏನೂ ಉಳಿಯುವುದಿಲ್ಲ. ನಾನು ಒಬ್ಬೊಬ್ಬರ ಮೇಜಿಗೆ ಹೋದೆ. ಇಪ್ಪತ್ತು ನಿಮಿಷ. ಕರೆ ಎತ್ತು, ತಡೆಹಿಡಿ, ಬೇರೆಯವರಿಗೆ ಕೊಡು. ಇದನ್ನು ಮೂರು ಸಲ ಮಾಡಿಸಿದೆ. ಹಳೆ ಫೋನಿನಲ್ಲಿ ಫ್ಲಾಶ್ ಒತ್ತಿ ನಂಬರ್ ಒತ್ತೋದು ಬೆರಳಿಗೇ ಗೊತ್ತಿತ್ತು. ಹೊಸದರಲ್ಲಿ ಆ ಕಡೆಯವರನ್ನು ಕೇಳಿ ಕೊಡೋದು ಒಂದು ಬಟನ್, ಕೇಳದೆ ಕೊಡೋದು ಇನ್ನೊಂದು. ಇದೊಂದನ್ನೇ ಒಂದು ಚೀಟಿಯಲ್ಲಿ ಬರೆದು ಎಲ್ಲರ ಫೋನ್ ಪಕ್ಕ ಅಂಟಿಸಿದೆ. ಚಾಟ್, ವಿಡಿಯೋ ಎಲ್ಲ ಆಮೇಲೆ ತಾವೇ ಕಲಿತರು.

ಅಸೆಂಬ್ಲಿಯ ಫೋರ್‌ಮನ್‌ಗೆ ಹೆಡ್‌ಸೆಟ್ ಕೊಡಲು ಹೋದರೆ, "ಇದನ್ನ ಕಿವ್ಯಾಗ ಹಾಕ್ಕೊಂಡ್ರ ಮಷಿನ್ ಸಪ್ಪಳಾ ಕೇಳಂಗಿಲ್ರಿ" ಅಂದರು. ಮಷಿನಿನ ಸದ್ದು ಬದಲಾದದ್ದರಿಂದಲೇ ಟೂಲ್ ಸವೆದದ್ದು ಗೊತ್ತಾಗುತ್ತದೆ ಅವರಿಗೆ. ಅವರ ಮಾತೇ ಸರಿ. ಅಲ್ಲಿಗೆ ದೊಡ್ಡ ಗಂಟೆ ಮತ್ತು ಕೆಂಪು ದೀಪ ಇರುವ ಗೋಡೆ ಫೋನ್ ಹಾಕಿದೆವು.

ಆಮೇಲಿನ ಕೆಲಸ

ಇಂಟರ್ನೆಟ್ ಪೂರಾ ಹೋದರೆ ಮುಖ್ಯ ನಂಬರಿನ ಕರೆಗಳು ತಾನಾಗಿ ಎರಡು ಮೊಬೈಲಿಗೆ ಹೋಗುವಂತೆ ಹಾಕಿಟ್ಟಿದ್ದೇವೆ. ತಿಂಗಳಿಗೊಮ್ಮೆ ಕೇಬಲ್ ಕಿತ್ತು ಅದನ್ನು ಪರೀಕ್ಷಿಸುತ್ತೇನೆ. ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ಮುಚ್ಚುತ್ತೇನೆ. ಯಾಕಂದರೆ ಆಪ್ ಅವರ ಮೊಬೈಲಿನಲ್ಲೇ ಇರುತ್ತದೆ, ನಮ್ಮ ಗ್ರಾಹಕರ ಫೋನ್ ಅವರ ಜೇಬಿನಲ್ಲಿ ರಿಂಗಾಗುತ್ತದೆ. ತಪ್ಪಿದ ಕರೆಗಳ ಪಟ್ಟಿಯನ್ನು ಸಂಜೆ ಐದಕ್ಕೆ ಸೇಲ್ಸ್‌ನವರು ನೋಡಿ ತಿರುಗಿ ಮಾಡುತ್ತಾರೆ. ಹಳೆ ಡಬ್ಬಿಯ ಕಾಲದಲ್ಲಿ ಇಂಥ ಪಟ್ಟಿಯೇ ಇರಲಿಲ್ಲ. ಹೆಚ್ಚು ಖರ್ಚಾದರೂ ಸರಿ ಅಂತ ಮಾಲಕರು ಒಪ್ಪಿದ್ದು ಇದೊಂದಕ್ಕೇ.

ಮೊನ್ನೆ ಒಂದು ವರ್ಷ ಮುಗಿಯಿತು. ಉಳಿಸಿಕೊಂಡಿದ್ದ ಆ ಎರಡು ಹಳೆ ಲೈನ್ ಇಟ್ಟುಕೊಳ್ಳಬೇಕಾ ಬಿಡಬೇಕಾ ಅಂತ ಲೆಕ್ಕ ತೆಗೆದೆ. ಎರಡನೇ ಲೈನಿಗೆ ಬಂದದ್ದು ಸಾಲ ಬೇಕಾ ಅಂತ ಕೇಳುವ ಕರೆಗಳು ಮಾತ್ರ. ಅದನ್ನು ಬಿಟ್ಟೆವು. ಮೊದಲನೆಯದಕ್ಕೆ ತಿಂಗಳಿಗೆ ಆರೋ ಏಳೋ ಕರೆ. ಅಷ್ಟಕ್ಕೆ ಬಾಡಿಗೆ ಯಾಕೆ ಅಂತ ಅರ್ಜಿ ಬರೆದು ಸಹಿಗೆ ಇಟ್ಟಿದ್ದೆ. ಅಷ್ಟರಲ್ಲಿ ಅಕ್ಕ ಒಂದು ಕರೆ ನನಗೇ ಕೊಟ್ಟರು. ಆ ಕಡೆ ಯಾರೋ ವಾಲ್ವ್‌ಮನ್, ನೀರು ಹರಿಯುವ ಸದ್ದು ಕೇಳುತ್ತಿತ್ತು. "ವಾಲ್ವ್ ಮ್ಯಾಲೆ ಈ ನಂಬರ್ ಬರದೈತ್ರಿ. ತಿರಗವಲ್ದು. ಏನ್ ಮಾಡ್ಲಿ?"

ಸರ್ವಿಸ್‌ನವರಿಗೆ ಕೊಟ್ಟೆ. ಈ ಸಲ ಸರಿಯಾದ ಬಟನ್ ಒತ್ತಿ, ಕೇಳಿ, ಕೊಟ್ಟೆ. ಆಮೇಲೆ ಆ ಅರ್ಜಿಯನ್ನು ಹರಿದು ಬುಟ್ಟಿಗೆ ಹಾಕಿದೆ.